ಅವಿನ್ಯೋನ್, ಆರ್ಲ್, ನೀಮ್, ಕಾರ್ಕಸೋನ್: ದಕ್ಷಿಣ ಫ್ರಾನ್ಸಿನ ಯಾವ ಹಳೆಯ ಊರಲ್ಲಿ ತಂಗಬೇಕು?

ಪ್ಯಾರಿಸ್ ನೋಡಿ ಮುಗಿದ ಮೇಲೆ ಕೈಯಲ್ಲಿ ಇನ್ನೂ ಮೂರು ನಾಲ್ಕು ದಿನ ಉಳಿದಿರುವವರು, ಬಾರ್ಸಿಲೋನಾದ ಕಡೆಗೆ ರೈಲಿನಲ್ಲಿ ಹೊರಟು ನಡುವೆ ಎಲ್ಲಾದರೂ ಇಳಿಯಬೇಕೆಂದಿರುವವರು, ಜರ್ಮನಿಯಲ್ಲೋ ನೆದರ್ಲೆಂಡ್ಸಿನಲ್ಲೋ ಕೆಲಸದಲ್ಲಿದ್ದುಕೊಂಡು ಊರಿನಿಂದ ಬಂದ ಅಪ್ಪ ಅಮ್ಮನನ್ನು ಸುತ್ತಾಡಿಸಲು ಹೊರಟವರು, ಇವರೆಲ್ಲರೂ ದಕ್ಷಿಣ ಫ್ರಾನ್ಸಿನ ನಕ್ಷೆಯನ್ನು ಮುಂದಿಟ್ಟುಕೊಂಡು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಅವಿನ್ಯೋನ್, ಆರ್ಲ್, ನೀಮ್, ಕಾರ್ಕಸೋನ್ ಈ ನಾಲ್ಕರಲ್ಲಿ ಯಾವುದಕ್ಕೆ ಹೋಗುವುದು? ನಾಲ್ಕೂ ಹಳೆಯ ಊರುಗಳೇ, ನಾಲ್ಕರ ಸ್ಮಾರಕಗಳೂ ಯುನೆಸ್ಕೋ ಪಟ್ಟಿಯಲ್ಲಿವೆ, ಚಿತ್ರಗಳಲ್ಲಿ ನಾಲ್ಕೂ ಚೆಂದವೇ. ಆದರೆ ಅವು ಕೊಡುವ ಅನುಭವ, ಬೇಡುವ ಹಣ, ಕಾಲಿಗೆ ಕೊಡುವ ಶ್ರಮ ಬೇರೆಬೇರೆಯಾಗಿವೆ. ದಿನಕ್ಕೊಂದು ಊರಿನಂತೆ ನಾಲ್ಕನ್ನೂ ಓಡಿ ನೋಡುವುದಕ್ಕಿಂತ ಒಂದನ್ನು ತಂಗುವ ಊರಾಗಿ ಆರಿಸಿಕೊಂಡು, ಅಲ್ಲಿ ಕನಿಷ್ಠ ಎರಡು ರಾತ್ರಿ ಕಳೆದು, ಉಳಿದವುಗಳಲ್ಲಿ ಒಂದೋ ಎರಡೋ ಊರಿಗೆ ಹಗಲಲ್ಲಿ ಹೋಗಿ ಬರುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಸ್ಸುಗಳಲ್ಲಿ ಬರುವ ಪ್ರವಾಸಿಗಳ ಗುಂಪು ಬೆಳಿಗ್ಗೆ ಹತ್ತರ ನಂತರ ತುಂಬಿಕೊಂಡು ಸಂಜೆಯ ಹೊತ್ತಿಗೆ ಖಾಲಿಯಾಗುತ್ತದೆ. ಆ ಕಲ್ಲಿನ ಓಣಿಗಳು ತಮ್ಮ ನಿಜವಾದ ರೂಪದಲ್ಲಿ ಕಾಣಸಿಗುವುದು ಅದರ ಮೊದಲಿನ ಮತ್ತು ಅನಂತರದ ಹೊತ್ತಿನಲ್ಲಿ.

ಊರುಗಳನ್ನು ತೂಗುವ ಮೊದಲು ನಿಮ್ಮ ಅಗತ್ಯಗಳನ್ನು ಗೊತ್ತುಮಾಡಿಕೊಳ್ಳಿ. ಮೊದಲನೆಯದು ಆಸಕ್ತಿ: ರೋಮನ್ನರ ಕಾಲದ ಕಟ್ಟಡಗಳೋ, ಮಧ್ಯಯುಗದ ಕೋಟೆ ಅರಮನೆಗಳೋ, ಚಿತ್ರಕಲೆಯೋ, ಇಲ್ಲವೇ ಸುಮ್ಮನೆ ಹಳೆಯ ಬೀದಿಗಳಲ್ಲಿ ಅಡ್ಡಾಡುವುದೋ. ಎರಡನೆಯದು ಓಡಾಟ: ಬಾಡಿಗೆ ಕಾರಿಲ್ಲದೆ ರೈಲು ಬಸ್ಸುಗಳನ್ನೇ ನಂಬಿದವರಿಗೆ ನಿಲ್ದಾಣ ಹಳೆಯ ಊರಿಗೆ ಎಷ್ಟು ಹತ್ತಿರ ಎಂಬುದು ದೊಡ್ಡ ವಿಷಯ. ಮೂರನೆಯದು ಮೆಟ್ಟಿಲು ಮತ್ತು ಏರು: ಮೊಣಕಾಲು ನೋವಿರುವ ಹಿರಿಯರೋ ತಳ್ಳುಗಾಡಿಯಲ್ಲಿ ಕೂಸೋ ಜೊತೆಗಿದ್ದರೆ ಇದೇ ಮೊದಲನೆಯದಾಗಬಹುದು. ಅನಂತರದ್ದು ಖರ್ಚು, ಅದಕ್ಕೆ ಅಂಟಿಕೊಂಡಂತೆ ಹೋಗುವ ತಿಂಗಳು. ಕೊನೆಯದಾಗಿ, ನಮ್ಮಲ್ಲಿ ಅನೇಕರಿಗೆ ಸಸ್ಯಾಹಾರ.

ಮೊದಲ ಬಾರಿ ಹೋಗುವವರು, ಕಾರಿಲ್ಲದವರು ಅವಿನ್ಯೋನ್‌ನಿಂದ ಲೆಕ್ಕ ಹಾಕಲು ತೊಡಗುವುದು ಒಳ್ಳೆಯದು. ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಿಂದ ಹೊರಡುವ ವೇಗದ ಟಿಜಿವಿ ರೈಲು ಸುಮಾರು 2 ಗಂಟೆ 40 ನಿಮಿಷಗಳಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ಟಿಜಿವಿ ನಿಲ್ದಾಣ ಊರ ಹೊರಗಿದೆ. ಅಲ್ಲಿಂದ ಐದಾರು ನಿಮಿಷದ ಸಣ್ಣ ರೈಲು ಪ್ರಯಾಣದಲ್ಲಿ ಅವಿನ್ಯೋನ್ ಸಾಂತ್ರ್ ಎಂಬ ಹಳೆಯ ನಿಲ್ದಾಣಕ್ಕೆ ಬಂದರೆ ಕೋಟೆಗೋಡೆ ಎದುರಿಗೇ ನಿಂತಿರುತ್ತದೆ. ಊರನ್ನು ಸುತ್ತುವರಿದ ಆ ಗೋಡೆಯ ಉದ್ದ 4 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಮತ್ತು ನೀವು ನೋಡಬೇಕಾದದ್ದು ಬಹುಪಾಲು ಅದರೊಳಗೇ ಇದೆ.

ಅವಿನ್ಯೋನ್‌ನ ಹೃದಯ ಪೋಪರ ಅರಮನೆ. 1309ರಲ್ಲಿ ಐದನೆಯ ಕ್ಲೆಮೆಂಟ್ ಇಲ್ಲಿಗೆ ಬಂದಾಗಿನಿಂದ 1377ರವರೆಗೆ ಏಳು ಮಂದಿ ಪೋಪರು ರೋಮನ್ನು ಬಿಟ್ಟು ಈ ಊರಿನಿಂದ ಆಡಳಿತ ನಡೆಸಿದರು. ಅರಮನೆಯ ಕಟ್ಟಡ ಕೆಲಸ 1335ರಲ್ಲಿ, ಎಂದರೆ ಇತ್ತ ತುಂಗಭದ್ರೆಯ ದಡದಲ್ಲಿ ವಿಜಯನಗರ ತಲೆಯೆತ್ತುತ್ತಿದ್ದ ಕಾಲಕ್ಕೆ, ಶುರುವಾಯಿತು. ಹನ್ನೆರಡನೆಯ ಬೆನೆಡಿಕ್ಟ್ ಕಟ್ಟಿಸಿದ ಭಾಗ ಮಠದಂತೆ ಬಿಗುವಾಗಿದ್ದರೆ, ಅವನ ನಂತರ ಬಂದ ಆರನೆಯ ಕ್ಲೆಮೆಂಟ್ ಕಟ್ಟಿಸಿದ್ದು ವೈಭವದ ಹೊಸ ಅರಮನೆ. ಇಡೀ ಊರನ್ನೇ 1348ರಲ್ಲಿ ನೇಪಲ್ಸ್‌ನ ರಾಣಿ ಜೋವಾನ್ನಳಿಂದ 80,000 ಫ್ಲೋರಿನ್ ನಾಣ್ಯಗಳಿಗೆ ಕೊಂಡವನೂ ಇದೇ ಕ್ಲೆಮೆಂಟ್. ಇಲ್ಲಿಗೆ ಹೋಗುವವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು: ಅರಮನೆ ಒಳಗೆ ಬಹುಮಟ್ಟಿಗೆ ಬರಿದಾಗಿದೆ. ಫ್ರೆಂಚ್ ಕ್ರಾಂತಿಯ ನಂತರ ಅದು ಬಹುಕಾಲ ಸೈನಿಕರ ಬಿಡಾರವಾಗಿತ್ತು. ಗೋಡೆಯ ಚಿತ್ರಗಳ ತುಣುಕುಗಳನ್ನು ಕಿತ್ತು ಮಾರಿದ್ದೂ ಉಂಟು. ಹಾಗಾಗಿ ಸಿಂಹಾಸನ, ಪೀಠೋಪಕರಣಗಳನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆಯಾಗುತ್ತದೆ. ಆದರೆ ಆರನೆಯ ಕ್ಲೆಮೆಂಟನ ಓದುವ ಕೋಣೆಯಾಗಿದ್ದ ಜಿಂಕೆಯ ಕೋಣೆಯಲ್ಲಿ ನಿಂತಾಗ ಆ ಬರಿದುತನವೆಲ್ಲ ಮರೆತುಹೋಗುತ್ತದೆ. 1343ರ ಸುಮಾರಿಗೆ ಬರೆದ ಚಿತ್ರಗಳು ನಾಲ್ಕೂ ಗೋಡೆಗಳನ್ನು ಕಡುಹಸಿರು ಕಾಡಾಗಿಸಿವೆ: ಬೇಟೆನಾಯಿಗಳು, ಗಿಡುಗ ಹಿಡಿದ ಬೇಟೆಗಾರ, ಮೀನುಕೊಳದ ಸುತ್ತ ಬಲೆ ಹಿಡಿದು ನಿಂತವರು. ಧರ್ಮಗುರುವೊಬ್ಬನ ಖಾಸಗಿ ಕೋಣೆಯಲ್ಲಿ ಸಂತರ ಚಿತ್ರ ಒಂದೂ ಇಲ್ಲದೆ ಬರೀ ಕಾಡೇ ತುಂಬಿಕೊಂಡಿರುವುದು ಅಲ್ಲಿಯ ವಿಶೇಷ. ಪ್ರವೇಶದ ಜೊತೆಗೆ ಕೊಡುವ ಟ್ಯಾಬ್ಲೆಟ್ ಖಾಲಿ ಸಭಾಂಗಣಗಳನ್ನು ಅಂದಿನಂತೆ ತೋರಿಸುತ್ತದೆ. ಮಕ್ಕಳಿಗೆ ಅದು ಬಹಳ ಉಪಯೋಗ.

ಇಲ್ಲಿಯ ಇನ್ನೊಂದು ಹೆಸರುವಾಸಿ ಸ್ಮಾರಕ 12ನೆಯ ಶತಮಾನದ ಸೇಂಟ್ ಬೆನೆಜೆ ಸೇತುವೆ. ರೋನ್ ನದಿಯ ಪ್ರವಾಹಕ್ಕೆ ಮತ್ತೆಮತ್ತೆ ಕುಸಿದು, 22 ಕಮಾನುಗಳಲ್ಲಿ ಈಗ ಉಳಿದಿರುವುದು ನಾಲ್ಕೇ. ಖರ್ಚು ಹಿಡಿತದಲ್ಲಿಡಬೇಕಾದವರು ಸೇತುವೆಯ ಟಿಕೆಟ್ಟನ್ನು ಬಿಡಬಹುದು. ಅರಮನೆಯ ಪಕ್ಕದ ರೋಷೆ ದೇ ದೋಮ್ ಎಂಬ ಬಂಡೆಯ ಮೇಲಿನ ಉದ್ಯಾನದಿಂದ, ಅಥವಾ ನದಿಯ ನಡುವಿನ ಬಾರ್ತಲಾಸ್ ನಡುಗಡ್ಡೆಯ ದಡದಿಂದ ಸೇತುವೆಯ ಪೂರ್ತಿ ರೂಪ ಹಣವಿಲ್ಲದೆಯೇ ಕಾಣುತ್ತದೆ. ಮೇಲೆ ನಡೆಯುವುದಕ್ಕಿಂತ ಈ ನೋಟವೇ ಚೆಂದ.

ಅವಿನ್ಯೋನ್‌ನ ಕೊರತೆ ಎಂದರೆ ಜುಲೈ ತಿಂಗಳು. 1947ರಲ್ಲಿ ಜಾನ್ ವಿಲಾರ್ ಆರಂಭಿಸಿದ ರಂಗೋತ್ಸವ ಆ ತಿಂಗಳು ಇಡೀ ಊರನ್ನು ತುಂಬುತ್ತದೆ. ಪೀಟರ್ ಬ್ರೂಕ್ ಅವರ ಮಹಾಭಾರತ ನಾಟಕ 1985ರಲ್ಲಿ ಮೊದಲು ಪ್ರದರ್ಶನಗೊಂಡದ್ದು ಈ ಉತ್ಸವದಲ್ಲೇ, ಊರಾಚೆಯ ಕಲ್ಲುಗಣಿಯೊಂದರಲ್ಲಿ. ಮಲ್ಲಿಕಾ ಸಾರಾಭಾಯಿ ಅದರಲ್ಲಿ ದ್ರೌಪದಿಯಾಗಿದ್ದರು. ರಂಗಭೂಮಿಯ ನಂಟಿರುವವರಿಗೆ ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಉಳಿದವರಿಗೆ ಕೋಣೆ ಸಿಗುವುದೇ ಕಷ್ಟ, ಸಿಕ್ಕರೂ ಬೆಲೆ ಏರಿರುತ್ತದೆ. ಅವರು ಜುಲೈಯಲ್ಲಿ ಬೇರೆ ಊರನ್ನು ಆರಿಸಿಕೊಳ್ಳುವುದೇ ಸರಿ.

ಅವಿನ್ಯೋನ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ ತೆಂಕಕ್ಕೆ ಹೋದರೆ ಆರ್ಲ್. ನಾಲ್ಕರಲ್ಲಿ ನನಗೆ ಅತಿ ಪ್ರಿಯವಾದದ್ದು ಇದು. ಆ ಒಲವನ್ನು ಕಳೆದು ನನ್ನ ಮಾತನ್ನು ತೂಗಿಕೊಳ್ಳಿ. ಊರು ಚಿಕ್ಕದು, ಸ್ಮಾರಕಗಳು ಮನೆಗಳ ನಡುವೆಯೇ ಸೇರಿಕೊಂಡಿವೆ. ಬಟ್ಟೆ ಒಣಹಾಕಿದ ಓಣಿಯೊಂದು ತಿರುಗಿದ ಕೂಡಲೇ ಕ್ರಿ.ಶ. 90ರ ಸುಮಾರಿನ, ಇಪ್ಪತ್ತು ಸಾವಿರ ಜನ ಕೂರಬಹುದಾಗಿದ್ದ ರೋಮನ್ ಅಖಾಡ ಎದುರಾಗುತ್ತದೆ. ಮಧ್ಯಯುಗದಲ್ಲಿ ಇದೇ ಅಖಾಡವನ್ನು ಕೋಟೆಯಾಗಿಸಿಕೊಂಡು ಜನ ಒಳಗೇ ಮನೆಗಳನ್ನೂ ಪ್ರಾರ್ಥನಾ ಮಂದಿರಗಳನ್ನೂ ಕಟ್ಟಿಕೊಂಡಿದ್ದರು. ಆ ಮನೆಗಳನ್ನು ತೆರವು ಮಾಡಿದ್ದು 19ನೆಯ ಶತಮಾನದಲ್ಲಿ. ಅಂದಿನ ಕಾವಲು ಗೋಪುರಗಳಲ್ಲಿ ಮೂರು ಇನ್ನೂ ನಿಂತಿವೆ. ಪಕ್ಕದಲ್ಲಿ ರೋಮನ್ ರಂಗಮಂದಿರ, ಪುರಭವನದ ಅಡಿಯಲ್ಲಿ ಕ್ರಿಪ್ಟೊಪೋರ್ಟಿಕಸ್ ಎಂಬ ನೆಲದೊಳಗಿನ ತಂಪು ಓಣಿಗಳು, ನದಿಯ ಬದಿಗೆ ಕಾನ್‌ಸ್ಟಂಟೈನನ ಸ್ನಾನಗೃಹ ಇವೆ. ಇವುಗಳಿಗೆಲ್ಲ ಸೇರಿಸಿ ಕೊಡುವ ಪಾಸ್ ತೆಗೆದುಕೊಂಡರೆ ಬಿಡಿ ಟಿಕೆಟ್‌ಗಳಿಗಿಂತ ಲಾಭ.

ಆರ್ಲ್‌ನಲ್ಲಿ ಯಾವುದನ್ನು ಬಿಟ್ಟರೂ ಸೇಂಟ್ ತ್ರೋಫೀಮ್ ಚರ್ಚಿನ ಬಾಗಿಲನ್ನು ಬಿಡಬೇಡಿ. ಬೇಲೂರು ಹಳೇಬೀಡುಗಳಲ್ಲಿ ಹೊಯ್ಸಳ ಶಿಲ್ಪಿಗಳು ಉಳಿ ಹಿಡಿದಿದ್ದ 12ನೆಯ ಶತಮಾನದಲ್ಲೇ ಇದನ್ನೂ ಕೆತ್ತಲಾಯಿತು. ಕಮಾನಿನ ನಡುವೆ ಕ್ರಿಸ್ತ, ಸುತ್ತ ಅವನ ಕಥೆ ಬರೆದ ನಾಲ್ವರು ಸುವಾರ್ತಾಕಾರರ ಸಂಕೇತಗಳು, ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ಕುಳಿತ ಹನ್ನೆರಡು ಶಿಷ್ಯರು. ಆ ಸಾಲಿನ ಒಂದು ತುದಿಗೆ ಮೋಕ್ಷ ಪಡೆದವರ ಮೆರವಣಿಗೆ, ಇನ್ನೊಂದು ತುದಿಗೆ ಒಂದೇ ಸರಪಳಿಯಲ್ಲಿ ಬಿಗಿದುಕೊಂಡು ನರಕದತ್ತ ನಡೆಯುತ್ತಿರುವವರ ಸಾಲು. ಬೀದಿಯಲ್ಲೇ ನಿಂತು ನೋಡಬಹುದಾದ ಇದಕ್ಕೆ ಟಿಕೆಟ್ಟೂ ಇಲ್ಲ. ಹಿಂಬದಿಯ ಅಂಗಳಕ್ಕೆ ಮಾತ್ರ ಟಿಕೆಟ್ ಇದ್ದು, ಅದರ ಎರಡು ಮಗ್ಗುಲು ದುಂಡು ಕಮಾನಿನ ರೋಮನೆಸ್ಕ್ ಶೈಲಿಯಲ್ಲೂ ಎರಡು ಮಗ್ಗುಲು ಚೂಪು ಕಮಾನಿನ ಗಾಥಿಕ್ ಶೈಲಿಯಲ್ಲೂ ಇರುವುದರಿಂದ ಎರಡರ ವ್ಯತ್ಯಾಸ ಓದದೆಯೇ ಕಣ್ಣಿಗೆ ಕಾಣುತ್ತದೆ.

ವ್ಯಾನ್ ಗೋನ ಹೆಸರು ಕೇಳಿ ಆರ್ಲ್‌ಗೆ ಹೊರಡುವವರಿಗೆ ಒಂದು ಎಚ್ಚರಿಕೆ. 1888ರ ಫೆಬ್ರವರಿಯಿಂದ 1889ರ ಮೇ ತಿಂಗಳವರೆಗೆ ಆತ ಇಲ್ಲಿದ್ದು ಸುಮಾರು 200 ವರ್ಣಚಿತ್ರಗಳನ್ನು ಬರೆದದ್ದು ನಿಜ, ಆದರೆ ಅವು ಇಂದು ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್ ಮೊದಲಾದ ಕಡೆ ಇವೆ. ಆತ ಬಾಡಿಗೆಗಿದ್ದ ಹಳದಿ ಮನೆ 1944ರ ಬಾಂಬ್ ದಾಳಿಯಲ್ಲಿ ಹಾಳಾಯಿತು. 2014ರಲ್ಲಿ ತೆರೆದ ವ್ಯಾನ್ ಗೋ ಪ್ರತಿಷ್ಠಾನ ಎರವಲು ತಂದ ಚಿತ್ರಗಳನ್ನು ಇಂದಿನ ಕಲಾವಿದರ ಕೃತಿಗಳ ಜೊತೆ ಪ್ರದರ್ಶಿಸುತ್ತದೆ. ಆತ ಚಿಕಿತ್ಸೆ ಪಡೆದ ಆಸ್ಪತ್ರೆಯ ಅಂಗಳವನ್ನು ಅವನ ಚಿತ್ರದಲ್ಲಿದ್ದಂತೆಯೇ ಹೂಗಿಡಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಚಿತ್ರಗಳನ್ನು ನೋಡುವುದೇ ಉದ್ದೇಶವಾದರೆ ಪ್ಯಾರಿಸ್‌ನ ಓರ್ಸೇ ವಸ್ತುಸಂಗ್ರಹಾಲಯ ಸಾಕು. ಆತ ಕಂಡ ಬೆಳಕನ್ನು ಕಾಣಬೇಕೆಂದರೆ ಆರ್ಲ್‌ನಲ್ಲಿ ರಾತ್ರಿ ತಂಗಿ, ಸೂರ್ಯ ಇಳಿಯುವಾಗ ರೋನ್ ದಡದಲ್ಲಿ ನಡೆಯಬೇಕು.

ಊರಿನ ಅಂಚಿನ ಪ್ರಾಚೀನ ಆರ್ಲ್ ವಸ್ತುಸಂಗ್ರಹಾಲಯದಲ್ಲಿ ನದಿಯ ಹೂಳಿನಿಂದ ಎತ್ತಿದ 31 ಮೀಟರ್ ಉದ್ದದ ರೋಮನ್ ಸರಕು ದೋಣಿ ಇದೆ. ಅದೊಂದಕ್ಕೇ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ. ಮಂಗಳವಾರ ಅದಕ್ಕೆ ರಜೆ. ಶನಿವಾರ ಬೆಳಿಗ್ಗೆ ಊರಿನ ದೊಡ್ಡ ಬೀದಿಯುದ್ದಕ್ಕೂ ಸಂತೆ ನೆರೆಯುತ್ತದೆ. ಕಾಮಾರ್ಗ್ ಎಂಬ ನದೀಮುಖಜ ಭೂಮಿ, ಅಲ್ಲಿಯ ರಾಜಹಂಸಗಳು, ಬಿಳಿ ಕುದುರೆಗಳು, ಭತ್ತದ ಗದ್ದೆಗಳು ಇಲ್ಲಿಂದಲೇ ಶುರುವಾಗುತ್ತವೆ, ಆದರೆ ಕಾರಿಲ್ಲದೆ ಅದರ ಒಳಭಾಗವನ್ನು ನೋಡುವುದು ಕಷ್ಟ. ಈಸ್ಟರ್ ಮತ್ತು ಸೆಪ್ಟೆಂಬರ್ ಹಬ್ಬಗಳಲ್ಲಿ ಅಖಾಡದಲ್ಲಿ ಹೋರಿಯನ್ನು ಕೊಲ್ಲುವ ಕಾಳಗಗಳು ನಡೆಯುತ್ತವೆ. ಅದು ಸಹಿಸದವರು ಆ ದಿನಗಳನ್ನು ತಪ್ಪಿಸಬೇಕು. ಕಾಮಾರ್ಗ್ ಪದ್ಧತಿಯ ಆಟದಲ್ಲಿ ಹೋರಿಯ ಕೊಂಬಿಗೆ ಕಟ್ಟಿದ್ದನ್ನು ಕಿತ್ತುಕೊಳ್ಳುತ್ತಾರೆಯೇ ಹೊರತು ಅದನ್ನು ಕೊಲ್ಲುವುದಿಲ್ಲ.

ನೀಮ್ ಊರನ್ನು ಪ್ರವಾಸಿಗಳು ಹೆಚ್ಚಾಗಿ ಕಡೆಗಣಿಸುತ್ತಾರೆ. ಅದರಿಂದಲೇ ಹಣ ನೋಡಿ ಖರ್ಚು ಮಾಡುವವರಿಗೆ ಅದು ಅನುಕೂಲ. ಇತರ ಮೂರಕ್ಕಿಂತ ದೊಡ್ಡದಾದ, ಜನ ತಮ್ಮ ಪಾಡಿಗೆ ಬದುಕುವ ನಗರವಾದ್ದರಿಂದ ಹೋಟೆಲುಗಳ ಆಯ್ಕೆ ಹೆಚ್ಚು, ಪ್ರವಾಸಿಗಳಿಗೆಂದೇ ಏರಿಸಿದ ಬೆಲೆ ಕಡಿಮೆ. ಪ್ಯಾರಿಸ್‌ನಿಂದ ನೇರ ಟಿಜಿವಿಯಲ್ಲಿ ಸುಮಾರು ಮೂರು ಗಂಟೆ. ನಗರದೊಳಗಿನ ನಿಲ್ದಾಣದಿಂದ ಮರಗಳ ನೆರಳಿನ ಅಗಲ ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಅಖಾಡ. 133 ಮೀಟರ್ ಉದ್ದದ ಈ ಅಖಾಡದ ಹೊರಗೋಡೆ ಆರ್ಲ್‌ನದಕ್ಕಿಂತ ಎಷ್ಟೋ ಚೆನ್ನಾಗಿ ಉಳಿದಿದೆ, ಎರಡು ಅಂತಸ್ತಿನಲ್ಲೂ ಅರವತ್ತರಂತೆ ಕಮಾನುಗಳು. ಮೇಸೋನ್ ಕಾರೇ ಎಂಬ ರೋಮನ್ ದೇವಾಲಯ ಅಗಸ್ಟಸ್ ಚಕ್ರವರ್ತಿಯ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ಸರಿಗೆ ಅರ್ಪಿತವಾದದ್ದು. ಎರಡು ಸಾವಿರ ವರ್ಷ ಕಳೆದ ಮೇಲೂ ಕಂಬ, ಮಾಡು ಎಲ್ಲ ನಿಂತಿರುವ ಅದು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ನೀಮ್‌ಗೆ ಹೋದವರು ಪೊಂ ದ್ಯು ಗಾರ್ ನೋಡದೆ ಬರಬಾರದು. ಸುಮಾರು 49 ಮೀಟರ್ ಎತ್ತರದ, ಮೂರು ಅಂತಸ್ತಿನ ಈ ಮೇಲ್ಗಾಲುವೆ ನೀಮ್‌ಗೆ ನೀರು ತಂದ 50 ಕಿಲೋಮೀಟರ್ ಕಾಲುವೆಯ ಒಂದು ತುಂಡು. ಅಷ್ಟು ದೂರದಲ್ಲಿ ನೀರು ಇಳಿದದ್ದು ಸುಮಾರು 12 ಮೀಟರ್ ಮಾತ್ರ ಎಂದರೆ ಕಟ್ಟಿದವರ ಅಳತೆಯ ನಿಖರತೆ ಎಂಥದ್ದು ಎಂದು ತಿಳಿಯುತ್ತದೆ. ಬಸ್ಸು ನೀಮ್‌ನಿಂದಲೂ ಅವಿನ್ಯೋನ್‌ನಿಂದಲೂ ಇದೆ, ಹಿಂದಿರುಗುವ ಕೊನೆಯ ಬಸ್ಸಿನ ವೇಳೆಯನ್ನು ಮಾತ್ರ ಇಳಿದ ಕೂಡಲೇ ಖಚಿತಪಡಿಸಿಕೊಳ್ಳಿ. ಅದನ್ನು ನೋಡಿ ಬಂದ ಸಂಜೆ ನೀಮ್‌ನ ಬೀದಿಯೊಂದರ ಬದಿಯಲ್ಲಿ ಯಾರೂ ಹೆಚ್ಚು ನಿಲ್ಲದ ಒಂದು ದುಂಡು ಕಲ್ಲಿನ ತೊಟ್ಟಿಯನ್ನು ಹುಡುಕಿ: ಆ ಕಾಲುವೆಯ ನೀರು ಬಂದು ಬೀಳುತ್ತಿದ್ದ ಕಾಸ್ಟೆಲ್ಲುಮ್ ಅದು. ತೊಟ್ಟಿಯ ಗೋಡೆಯಲ್ಲಿ ಸಾಲಾಗಿರುವ ದುಂಡು ಕಂಡಿಗಳಿಂದ ಸೀಸದ ಕೊಳವೆಗಳು ಹೊರಟು ಊರಿನ ಬೇರೆಬೇರೆ ಭಾಗಗಳಿಗೆ ನೀರು ಹಂಚುತ್ತಿದ್ದವು. ಪೊಂ ದ್ಯು ಗಾರ್ ಏಕೆ ಬೇಕಾಯಿತು ಎಂಬುದಕ್ಕೆ ಈ ತೊಟ್ಟಿಯೇ ಉತ್ತರ.

ನೀಮ್‌ನ ಮಿತಿ ಏನೆಂದರೆ ಸ್ಮಾರಕಗಳ ನಡುವೆ ಸಾಮಾನ್ಯ ನಗರದ ವಾಹನ, ಅಂಗಡಿ, ಗದ್ದಲ ಇರುತ್ತದೆ. ಹಳೆಯ ಕಾಲಕ್ಕೆ ಜಾರಿಹೋದ ಭಾವ ಆರ್ಲ್‌ನಲ್ಲಿ ಬರುವಷ್ಟು ಇಲ್ಲಿ ಬರುವುದಿಲ್ಲ. ಬೇಸಿಗೆಯ ಬಿಸಿಲೂ ಕಠಿಣ. 2019ರ ಜೂನ್‌ನಲ್ಲಿ ಈ ಸುತ್ತಿನಲ್ಲಿ ಉಷ್ಣಾಂಶ 45 ಡಿಗ್ರಿ ದಾಟಿತ್ತು. ನೀರಿನ ಕಾಲುವೆಗಳೂ ನೆರಳೂ ಇರುವ ಫೊಂತೇನ್ ಉದ್ಯಾನ ಅಂಥ ಮಧ್ಯಾಹ್ನಗಳಿಗೆ ಆಶ್ರಯ, ಅದರ ಪ್ರವೇಶವೂ ಉಚಿತ.

ಕಾರ್ಕಸೋನ್ ಈ ಮೂರರ ಗುಂಪಿಗೆ ಸೇರಿದ್ದಲ್ಲ. ನೀಮ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ ಪಶ್ಚಿಮಕ್ಕಿದೆ. ತುಲೂಸ್‌ನಿಂದಾದರೆ ಒಂದು ಗಂಟೆಯೊಳಗೆ. ಹಾಗಾಗಿ ಅದನ್ನು ಅವಿನ್ಯೋನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವ ಯೋಜನೆಯನ್ನು ಕೈಬಿಡಿ. ತುಲೂಸ್‌ನ ವಿಮಾನ ಉದ್ಯಮದಲ್ಲಿ ಕೆಲಸ ಮಾಡುವ ನೆಂಟರೋ ಸ್ನೇಹಿತರೋ ಇರುವವರಿಗೆ, ಬಾರ್ಸಿಲೋನಾದ ದಾರಿಯಲ್ಲಿರುವವರಿಗೆ ಇದು ಸಹಜ ಆಯ್ಕೆ. ಗುಡ್ಡದ ಮೇಲೆ ಎರಡು ಸುತ್ತಿನ ಗೋಡೆ, 52 ಗೋಪುರಗಳು. ಮಕ್ಕಳು ಕೋಟೆ ಎಂದರೆ ಮನಸ್ಸಿನಲ್ಲಿ ಏನು ಚಿತ್ರಿಸಿಕೊಂಡಿರುತ್ತಾರೋ ಅದೇ ಕಣ್ಣೆದುರು ನಿಂತಿರುತ್ತದೆ.

ಎಲ್ಲವೂ ಹಳೆಯದಲ್ಲ ಎಂಬ ಆಕ್ಷೇಪ ಕಾರ್ಕಸೋನ್ ಬಗ್ಗೆ ಹಿಂದಿನಿಂದಲೂ ಇದೆ. 1209ರಲ್ಲಿ, ರೋಮಿನ ಚರ್ಚು ಧರ್ಮದ್ರೋಹಿಗಳೆಂದು ಕರೆದ ಕ್ಯಾಥರ್ ಎಂಬ ಕ್ರೈಸ್ತ ಪಂಥದವರ ವಿರುದ್ಧ ಹೊರಟ ಧರ್ಮಯುದ್ಧದ ಸೇನೆ ಈ ಊರನ್ನು ಹಿಡಿಯಿತು. ಊರಿನ ಒಡೆಯ ತ್ರಾಂಕಾವೆಲ್ ಸೆರೆಯಲ್ಲೇ ಸತ್ತ. 1659ರ ಒಪ್ಪಂದದಿಂದ ಸ್ಪೇನಿನ ಗಡಿ ದಕ್ಷಿಣಕ್ಕೆ ಸರಿದ ಮೇಲೆ ಕೋಟೆಯ ಮಹತ್ವ ಕುಗ್ಗಿ, 19ನೆಯ ಶತಮಾನದ ನಡುವಿಗೆ ಅದನ್ನು ಕೆಡವುವ ಮಾತು ಬಂದಿತ್ತು. 1853ರಿಂದ ವಾಸ್ತುಶಿಲ್ಪಿ ವಿಯೋಲೆ-ಲ-ದ್ಯುಕ್ ಅದನ್ನು ದುರಸ್ತಿ ಮಾಡಿದ. ಗೋಪುರಗಳ ಚೂಪು ಸ್ಲೇಟ್ ಮಾಡುಗಳು ಆತನ ಕಲ್ಪನೆಯವು, ಈ ನಾಡಿನವಲ್ಲ ಎಂದು ಟೀಕಿಸುವವರಿದ್ದಾರೆ. ಟೀಕೆ ನ್ಯಾಯವಾದದ್ದೇ, ಆದರೂ ಆತ ಕೈಹಾಕದಿದ್ದರೆ ಇಂದು ನೋಡಲು ಕೋಟೆಯೇ ಇರುತ್ತಿತ್ತೋ ಇಲ್ಲವೋ. ನಿಜವಾದ ಹಳೆಯದನ್ನು ಕಾಣಬೇಕಾದರೆ ಎರಡು ಗೋಡೆಗಳ ನಡುವಿನ ಬಯಲಲ್ಲಿ ನಡೆದು ಒಳಗೋಡೆಯ ಬುಡವನ್ನು ನೋಡಿ: ಸಣ್ಣ ಕಲ್ಲುಗಳ ನಡುವೆ ಕೆಂಪು ಇಟ್ಟಿಗೆಯ ಪಟ್ಟಿಗಳು ಕಂಡಲ್ಲಿ ಅದು ರೋಮನ್ನರ ಕೊನೆಗಾಲದ ಕೆಲಸ. ಕೋಟೆಯೊಳಗಿನ ಬೀದಿಗಳಿಗೂ ಈ ಬಯಲಿಗೂ ಟಿಕೆಟ್ ಇಲ್ಲ. ಒಳಗಿನ ಅರಮನೆ ಮತ್ತು ಗೋಡೆಯ ಮೇಲಿನ ನಡಿಗೆಗೆ ಇದೆ, ಹದಿನೆಂಟರೊಳಗಿನವರಿಗೆ ಅದೂ ಉಚಿತ.

ಕಾರ್ಕಸೋನ್‌ನ ಮಧ್ಯಾಹ್ನ, ಅದರಲ್ಲೂ ಬೇಸಿಗೆ ರಜೆಯಲ್ಲಿ, ಕಿಕ್ಕಿರಿದ ಓಣಿ ಮತ್ತು ನೆನಪಿನ ಸಾಮಾನಿನ ಅಂಗಡಿಗಳ ಮಧ್ಯಾಹ್ನ. ಅಷ್ಟನ್ನೇ ಕಂಡು ಮರಳಿದವರು ಊರನ್ನು ದೂರುವುದು ಸಹಜ. ಕೋಟೆಯೊಳಗಿನ ಹೋಟೆಲುಗಳು ದುಬಾರಿ. ಕೆಳಗಿನ ಹೊಸ ಪೇಟೆಯಲ್ಲಿ ಕಡಿಮೆ ಬೆಲೆಗೆ ಕೋಣೆ ಹಿಡಿದು, ಕತ್ತಲಾಗುವ ಹೊತ್ತಿಗೆ ಹಳೆಯ ಸೇತುವೆ ದಾಟಿ ಮೇಲೇರುವುದು ನನ್ನ ಸಲಹೆ. ರೈಲು ನಿಲ್ದಾಣದಿಂದ ಕೋಟೆಗೆ ಅರ್ಧ ಗಂಟೆಯ ನಡಿಗೆ, ಕೊನೆಯಲ್ಲಿ ಏರು ಇದೆ ಎಂಬುದು ನೆನಪಿರಲಿ.

ಹಿರಿಯರನ್ನು ಕರೆದೊಯ್ಯುವವರು ನೀಮ್ ಅಥವಾ ಅವಿನ್ಯೋನ್ ಆರಿಸಿಕೊಳ್ಳುವುದು ಸುಲಭ. ನೀಮ್‌ನ ಬೀದಿಗಳು ಬಹುಪಾಲು ಸಮತಟ್ಟು. ಅವಿನ್ಯೋನ್‌ನ ಅರಮನೆಯಲ್ಲಿ ಮೆಟ್ಟಿಲುಗಳು ಹೆಚ್ಚಾದರೂ ಊರಿನ ಚೌಕಗಳಲ್ಲಿ ಕೂತು ಕಾಲ ಕಳೆಯಲು ಎಡೆಯಿದೆ. ಅಖಾಡಗಳ ಕಲ್ಲಿನ ಸಾಲುಗಳು ಎತ್ತರ, ಕೆಲವೆಡೆ ಹಿಡಿಕೆ ಇಲ್ಲ. ಕೆಳಗಿನ ಅಂತಸ್ತಿನಿಂದ ನೋಡಿದರೂ ನೋಟಕ್ಕೆ ಕೊರತೆಯಾಗುವುದಿಲ್ಲ. ಏಪ್ರಿಲ್‌ನಿಂದ ಜೂನ್ ನಡುವಿನವರೆಗೆ ಹೋಗುವುದು ಎಲ್ಲರಿಗೂ ಒಳಿತು. ಸೆಪ್ಟೆಂಬರ್ ಚೆಂದವೇ, ಆದರೆ ಶರತ್ಕಾಲದಲ್ಲಿ ನೀಮ್ ಸುತ್ತ ಒಮ್ಮೊಮ್ಮೆ ದಿಢೀರ್ ಭಾರಿ ಮಳೆ ಸುರಿಯುತ್ತದೆ. 1988ರ ಅಕ್ಟೋಬರಿನಲ್ಲಿ ನಗರದೊಳಗೇ ಪ್ರವಾಹ ನುಗ್ಗಿತ್ತು. ರೋನ್ ಕಣಿವೆಯ ಊರುಗಳಲ್ಲಿ ಬಡಗಣದಿಂದ ಬೀಸುವ ಮಿಸ್ತ್ರಾಲ್ ಗಾಳಿ ಬಿಸಿಲಿದ್ದರೂ ಚಳಿ ಹುಟ್ಟಿಸುತ್ತದೆ, ಆದ್ದರಿಂದ ವಸಂತದಲ್ಲೂ ಒಂದು ಗಾಳಿ ತಡೆಯುವ ಜಾಕೆಟ್ ಇರಲಿ.

ಊಟದ ವಿಷಯದಲ್ಲಿ ನಾಲ್ಕೂ ಊರುಗಳ ಹೆಸರಾಂತ ಅಡುಗೆಗಳು ಮಾಂಸ, ಮೀನಿನವೇ: ಕಾರ್ಕಸೋನ್‌ನ ಕಾಸುಲೆಯಲ್ಲಿ ಬಿಳಿ ಬೀನ್ಸ್ ಕಾಳಿನ ಜೊತೆ ಮಾಂಸ, ನೀಮ್‌ನ ಬ್ರಾಂದಾದ್‌ನಲ್ಲಿ ಮೀನು. ಆಲಿವ್ ಚಟ್ನಿಯಂತಿರುವ ತಾಪನಾದ್‌ನಲ್ಲೂ ಸಾಮಾನ್ಯವಾಗಿ ಸಣ್ಣ ಮೀನು ಅರೆದಿರುತ್ತಾರೆ, ಕೇಳದೆ ತಿನ್ನಬೇಡಿ. "ಸಾಂ ವಿಯಾಂದ್, ಸಾಂ ಪ್ವಾಸೋಂ", ಮಾಂಸ ಬೇಡ, ಮೀನು ಬೇಡ ಎಂದು ಎರಡನ್ನೂ ಹೇಳಬೇಕು. ಬದನೆ, ಟೊಮೇಟೊ ಮೊದಲಾದ ತರಕಾರಿ ಬೇಯಿಸಿ ಮಾಡುವ ರಾತಾತುಯಿ, ಮೇಕೆ ಹಾಲಿನ ಚೀಸ್ ಹಾಕಿದ ಸಲಾಡ್, ತರಕಾರಿ ಪಿಜ್ಜಾ ಎಲ್ಲೆಡೆ ಸಿಗುತ್ತವೆ. ಮಧ್ಯಾಹ್ನ ಎರಡಾದರೆ ಬಹಳಷ್ಟು ಅಡುಗೆಮನೆಗಳು ಮುಚ್ಚುತ್ತವೆ ಎಂಬುದು ನಮ್ಮವರನ್ನು ಹೆಚ್ಚು ತೊಂದರೆಗೀಡುಮಾಡುವ ಸಂಗತಿ. ವಾರವಿಡೀ ಇರುವ ಕುಟುಂಬಗಳು ಅಡುಗೆಮನೆಯಿರುವ ಕೋಣೆ ಹಿಡಿದು ಸಂತೆಯಿಂದ ತರಕಾರಿ ತಂದರೆ ಹೊಟ್ಟೆಗೂ ಹಿತ, ಖರ್ಚೂ ಇಳಿಯುತ್ತದೆ. ಅವಿನ್ಯೋನ್‌ನ ಮುಚ್ಚಿದ ಮಾರುಕಟ್ಟೆ ಲೇ ಆಲ್ ಸೋಮವಾರ ಬಿಟ್ಟು ಎಲ್ಲ ಬೆಳಿಗ್ಗೆ ತೆರೆದಿರುತ್ತದೆ.

ಎರಡೇ ರಾತ್ರಿ ಇದ್ದು, ಕಾರಿಲ್ಲದೆ, ಮೊದಲ ಬಾರಿ ಹೋಗುವವರು ಅವಿನ್ಯೋನ್‌ನಲ್ಲಿ ತಂಗಿ ಒಂದು ದಿನ ಆರ್ಲ್ ನೋಡಿ ಬರಲಿ. ವಿದ್ಯಾರ್ಥಿಗಳು, ಕಡಿಮೆ ಖರ್ಚಿನಲ್ಲಿ ಹೆಚ್ಚು ನೋಡಬಯಸುವವರು, ರೋಮನ್ನರ ಎಂಜಿನಿಯರಿಂಗ್ ಬಗ್ಗೆ ಕುತೂಹಲವಿರುವವರು ನೀಮ್‌ನಲ್ಲಿದ್ದು ಒಂದು ದಿನ ಪೊಂ ದ್ಯು ಗಾರ್, ಇನ್ನೊಂದು ದಿನ ಅರ್ಧ ಗಂಟೆ ದೂರದ ಆರ್ಲ್ ನೋಡಲಿ. ಊರೊಳಗೆ ನಿಧಾನವಾಗಿ ಇರುವುದೇ ಸುಖ ಎನ್ನುವವರಿಗೆ, ಶಿಲ್ಪ, ಚಿತ್ರ, ಛಾಯಾಚಿತ್ರಗಳಲ್ಲಿ ಒಲವಿರುವವರಿಗೆ ಆರ್ಲ್. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ 1970ರಿಂದ ನಡೆದುಬಂದ ಛಾಯಾಚಿತ್ರ ಉತ್ಸವವೂ ಇರುತ್ತದೆ. ಹತ್ತು ಹನ್ನೆರಡರ ಮಕ್ಕಳಿರುವ, ತುಲೂಸ್ ದಾರಿಯ ಕುಟುಂಬಗಳು ಎರಡು ಯೋಚನೆ ಮಾಡದೆ ಕಾರ್ಕಸೋನ್‌ನಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಲಿ.

ಊರು ಗೊತ್ತಾದ ಮೇಲೆ ಮೊದಲು ಟಿಜಿವಿ ಟಿಕೆಟ್ ಕಾದಿರಿಸಿ, ದಿನ ಹತ್ತಿರವಾದಂತೆ ಅದರ ಬೆಲೆ ಏರುತ್ತಾ ಹೋಗುತ್ತದೆ. ಊರೂರುಗಳ ನಡುವಿನ ಪ್ರಾದೇಶಿಕ ರೈಲುಗಳಿಗೆ ಆ ಆತುರ ಬೇಕಿಲ್ಲ, ಹೊರಡುವ ದಿನ ನಿಲ್ದಾಣದ ಯಂತ್ರದಲ್ಲೇ ತೆಗೆದುಕೊಳ್ಳಬಹುದು.